ಓದುಗರ ಪ್ರಶ್ನೆಗಳು: ಬೆಂಕಿ, ಹೊಗೆ ಮತ್ತು ಅಗ್ನಿಶಾಮಕರ ಕೆಲಸ

ಈ ಸಲದ ಪ್ರಶ್ನೆಗಳೆಲ್ಲ ಬೆಂಕಿಯ ಸುತ್ತಲಿನವು. ಕೆಲವರು ಪದಗಳ ಅರ್ಥ ಕೇಳಿದ್ದಾರೆ, ಕೆಲವರಿಗೆ ಸಲಕರಣೆಗಳ ಬಗ್ಗೆ ಕುತೂಹಲ, ಮತ್ತೆ ಕೆಲವರಿಗೆ ಬೆಂಕಿ ಕಂಡಾಗ ತಾವೇನು ಮಾಡಬೇಕೆಂಬ ಚಿಂತೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಉರಿಯುತ್ತಿರುವ ಕೋಣೆಯ ಬಾಗಿಲ ಬಳಿ ಅಗ್ನಿಶಾಮಕ ಸಿಬ್ಬಂದಿ ಮಂಡಿಯೂರಿ, ಬಾಗಿಲು ಮುಟ್ಟಿ ನೋಡಿ, ಪೈಪಿಗೆ ನೀರು ಬರುವ ತನಕ ಕಾಯುವುದನ್ನು ವಿಡಿಯೊಗಳಲ್ಲಿ ಕಂಡಿದ್ದೇನೆ. ಒಳಗೆ ಉರಿಯುತ್ತಿರುವಾಗ ಈ ತಡ ಏಕೆ? ‘ಫ್ಲ್ಯಾಶ್‌ಓವರ್’, ‘ಬ್ಯಾಕ್‌ಡ್ರಾಫ್ಟ್’ ಎರಡೂ ಒಂದೆಯೇ?

ಉತ್ತರ: ಎರಡೂ ಬೇರೆ. ಆ ಕಾಯುವಿಕೆ ಎರಡರಿಂದಲೂ ಕಾಪಾಡುವ ಕ್ರಮ.

ಕೋಣೆಯಲ್ಲಿ ಒಂದು ಸೋಫಾ ಹೊತ್ತಿಕೊಂಡಿದೆ ಎಂದುಕೊಳ್ಳಿ. ಬಿಸಿ ಹೊಗೆ ಮೇಲೇರಿ ಚಾವಣಿಯಡಿ ಪದರ ಕಟ್ಟುತ್ತದೆ. ಪದರ ದಪ್ಪವಾಗುತ್ತಾ ಕೆಳಗಿಳಿಯುತ್ತದೆ, ಅದರ ಕಾವು ಕೆಳಗಿರುವ ಎಲ್ಲದರ ಮೇಲೂ ಬೀಳುತ್ತದೆ. ಚಾವಣಿಯ ಬಳಿ ಉಷ್ಣತೆ 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ, ಜ್ವಾಲೆ ಇನ್ನೂ ಸೋಕಿರದ ಮೇಜು, ಪರದೆ, ನೆಲಹಾಸುಗಳೂ ಉರಿಯಬಲ್ಲ ಅನಿಲ ಬಿಡತೊಡಗುತ್ತವೆ. ಆಮೇಲೆ ಕೆಲವೇ ಸೆಕೆಂಡುಗಳಲ್ಲಿ ಇಡೀ ಕೋಣೆ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಇದು ಫ್ಲ್ಯಾಶ್‌ಓವರ್. ಫೋಮ್ ಮತ್ತು ಪ್ಲಾಸ್ಟಿಕ್ ತುಂಬಿದ ಇಂದಿನ ಕೋಣೆಯಲ್ಲಿ ಮೊದಲ ಜ್ವಾಲೆಯಿಂದ ಈ ಹಂತ ತಲುಪಲು 5 ನಿಮಿಷವೂ ಬೇಕಾಗದಿರಬಹುದು. ಆ ಕ್ಷಣದಲ್ಲಿ ಒಳಗಿದ್ದರೆ ಪೂರ್ಣ ರಕ್ಷಣಾ ಉಡುಪು ತೊಟ್ಟವರಿಗೂ ಉಳಿಯುವುದು ಸೆಕೆಂಡುಗಳ ಅವಕಾಶ ಮಾತ್ರ.

ಬ್ಯಾಕ್‌ಡ್ರಾಫ್ಟ್‌ಗೆ ಕಾರಣ ಗಾಳಿಯ ಕೊರತೆ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಅಲ್ಲಿದ್ದ ಆಮ್ಲಜನಕವನ್ನು ಬಳಸಿ ಮಂಕಾಗುತ್ತದೆ. ಜ್ವಾಲೆ ಅಡಗಿದರೂ ಕಾವು ಹೋಗಿರುವುದಿಲ್ಲ, ಅರೆಬೆಂದ ಅನಿಲಗಳು ತುಂಬಿಕೊಂಡೇ ಇರುತ್ತವೆ. ಅಲ್ಲಿ ಕಡಿಮೆ ಇರುವುದು ಗಾಳಿಯೊಂದೇ. ಯಾರಾದರೂ ಬಾಗಿಲು ಪೂರ್ತಿ ತೆರೆದರೆ ತಣ್ಣನೆಯ ಗಾಳಿ ನೆಲದ ಗುಂಟ ಒಳನುಗ್ಗಿ ಅನಿಲದೊಂದಿಗೆ ಬೆರೆಯುತ್ತದೆ, ಮಿಶ್ರಣ ಸ್ಫೋಟದಂತೆ ಹೊತ್ತಿ ಅದೇ ಬಾಗಿಲಿನಿಂದ ಹೊರಗೆ ಚಿಮ್ಮುತ್ತದೆ. ಇದರ ಸೂಚನೆಗಳನ್ನು ಸಿಬ್ಬಂದಿ ಮೊದಲೇ ಹುಡುಕುತ್ತಾರೆ: ಕಿಟಕಿಯ ಗಾಜಿಗೆ ಒಳಗಿನಿಂದ ಕಂದು ಜಿಡ್ಡು ಮೆತ್ತಿರುವುದು, ಜ್ವಾಲೆ ಕಾಣದೆ ಗಾಜು ಮಾತ್ರ ಸುಡುತ್ತಿರುವುದು, ಬಾಗಿಲ ಸಂದಿನಲ್ಲಿ ಹೊಗೆ ಉಸಿರಾಡುವಂತೆ ಹೊರಬಂದು ಮತ್ತೆ ಒಳಗೆ ಸೆಳೆದುಕೊಳ್ಳುವುದು.

ಹೊಗೆಯನ್ನು ಬೆಂಕಿಯ ಕಸವೆಂದು ನಾವು ಭಾವಿಸುತ್ತೇವೆ. ಅದು ಇನ್ನೂ ಉರಿಯದೆ ಉಳಿದ ಇಂಧನ. ಆದ್ದರಿಂದಲೇ ಸಿಬ್ಬಂದಿ ಬಾಗಿಲನ್ನು ಒಂದು ಗೇಣು ತೆರೆದು, ಒಂದೆರಡು ಸೆಕೆಂಡು ಮಂಜಿನಂಥ ನೀರನ್ನು ಚಾವಣಿಯತ್ತ ಚಿಮ್ಮಿಸಿ, ಬಾಗಿಲು ಮುಚ್ಚಿ, ಮತ್ತೆ ನೋಡುತ್ತಾರೆ. ಆ ನೀರು ಜ್ವಾಲೆಗಲ್ಲ, ತಲೆಯ ಮೇಲಿನ ಅನಿಲವನ್ನು ತಣಿಸಲಿಕ್ಕೆ. ತಂಡ ಒಳಗೆ ಹೋದ ಮೇಲೂ ಒಬ್ಬರು ಬಾಗಿಲನ್ನು ಪೈಪಿನಷ್ಟೇ ಸಂದು ಬಿಟ್ಟು ಹಿಡಿದು ನಿಲ್ಲುತ್ತಾರೆ. ಸುಮ್ಮನೆ ನಿಂತಂತೆ ಕಂಡರೂ ಒಳಗಿನ ಬೆಂಕಿಗೆ ಎಷ್ಟು ಗಾಳಿ ಸಿಗಬೇಕೆಂಬುದು ಅವರ ಕೈಯಲ್ಲಿರುತ್ತದೆ. ಕಿಟಕಿ ಒಡೆಯುವುದು, ಮಾಡಿನಲ್ಲಿ ತೂತು ಕೊರೆಯುವುದು ಕೂಡ ಹೊಗೆಗೆ ದಾರಿ ಮಾಡುವ ಕೆಲಸವೇ. ನೀರು ಸಿದ್ಧವಾದ ಮೇಲೆ, ಸರಿಯಾದ ಜಾಗದಲ್ಲಿ ಮಾಡಿದರೆ ಹೊಗೆ ಮತ್ತು ಕಾವು ಮೇಲಿನಿಂದ ಹೊರಹೋಗುತ್ತವೆ. ನೀರಿಗೆ ಮುಂಚೆ ಒಡೆದರೆ ಬೆಂಕಿಗೆ ಊದಿದಂತೆ. ಹೊರಗೆ ನಿಂತ ಜನ ಸಹಾಯವೆಂದುಕೊಂಡು ಕಿಟಕಿಗೆ ಕಲ್ಲು ಎಸೆಯಬಾರದು ಎನ್ನುವುದು ಇದಕ್ಕೇ.

ಪ್ರಶ್ನೆ: ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳಬೇಕು ಎನ್ನುತ್ತಾರೆ. ತೆರೆದಿದ್ದರೆ ಓಡಿಹೋಗಲು ಸುಲಭವಲ್ಲವೇ?

ಉತ್ತರ: ಮುಚ್ಚಿಕೊಳ್ಳಿ. ಈ ಅಂಕಣದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮನೆಯ ಬೆಂಕಿಯಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರನ್ನು ಅದು ಎಬ್ಬಿಸುವುದಿಲ್ಲ. ಸುರಕ್ಷತಾ ಪರೀಕ್ಷೆ ನಡೆಸುವ ಅಮೆರಿಕದ ಯುಎಲ್ ಸಂಸ್ಥೆ ಮನೆಗಳಿಗೆ ಬೆಂಕಿ ಹಚ್ಚಿ ನಡೆಸಿದ ಪ್ರಯೋಗಗಳಲ್ಲಿ, ಬಾಗಿಲು ತೆರೆದಿದ್ದ ಕೋಣೆಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬಾಗಿಲು ಮುಚ್ಚಿದ್ದ ಕೋಣೆ ಸರಾಸರಿ 38 ಡಿಗ್ರಿಯ ಒಳಗಿತ್ತು. ಕಾರ್ಬನ್ ಮಾನಾಕ್ಸೈಡ್ ತೆರೆದ ಕೋಣೆಯಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 10,000 ಭಾಗ, ಮುಚ್ಚಿದ ಕೋಣೆಯಲ್ಲಿ 100 ಭಾಗ. ಈ ವ್ಯತ್ಯಾಸಕ್ಕೆ ವಿಶೇಷ ಬಾಗಿಲೇನೂ ಬೇಕಿಲ್ಲ. ಸಾಧಾರಣ ಮರದ ಬಾಗಿಲು ಸುಟ್ಟು ತೂತಾಗುವ ಮೊದಲು ನಿಮಗೆ ಕೆಲವು ನಿಮಿಷ ಕೊಡುತ್ತದೆ.

ಬಾಗಿಲು ಮುಚ್ಚಿದರೆ ಎಚ್ಚರಿಕೆಯ ಗಂಟೆ ಕೇಳಿಸದೆ ಹೋಗಬಹುದು, ಆದ್ದರಿಂದ ಮಲಗುವ ಕೋಣೆಯೊಳಗೂ ಹೊರಗಿನ ಹಜಾರದಲ್ಲೂ ಒಂದೊಂದು ಹೊಗೆ ಎಚ್ಚರಿಕೆ ಸಾಧನ ಇರಲಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ, 10 ವರ್ಷವಾದ ಮೇಲೆ ಸಾಧನವನ್ನೇ ಬದಲಿಸಿ, ಏಕೆಂದರೆ ಒಳಗಿನ ಸಂವೇದಕಕ್ಕೆ ದೂಳು ಕೂತು ಸೂಕ್ಷ್ಮತೆ ಕೆಡುತ್ತದೆ. ಒಲೆಯ ಪಕ್ಕ ಹಾಕಬೇಡಿ. ಸುಮ್ಮಸುಮ್ಮನೆ ಕೂಗುತ್ತದೆಂದು ಯಾರಾದರೂ ಬ್ಯಾಟರಿ ಕಿತ್ತಿಡುತ್ತಾರೆ, ಬೇಕಾದ ದಿನ ಅದು ಮೂಕವಾಗಿರುತ್ತದೆ.

ಎಚ್ಚರವಾದಾಗ ಬಾಗಿಲನ್ನು ಅಂಗೈಯಿಂದ ಮುಟ್ಟಬೇಡಿ, ಕೈಯ ಹಿಂಬದಿಯಿಂದ ಮುಟ್ಟಿ. ಬಿಸಿಯಿದ್ದರೆ ತೆರೆಯಬೇಡಿ. ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು ಕೂಗಿ, ಫೋನ್ ಮಾಡಿ ಯಾವ ಮಹಡಿ, ಯಾವ ಕೋಣೆ ಎಂದು ಹೇಳಿ. ತಣ್ಣಗಿದ್ದರೆ ತೆರೆದು, ಹೊಗೆಯಿದ್ದಲ್ಲಿ ತೆವಳಿಕೊಂಡು ಹೊರಗೆ ಹೋಗಿ. ಹೋಗುವಾಗ ದಾಟಿದ ಪ್ರತಿ ಬಾಗಿಲನ್ನೂ ಮುಚ್ಚಿ, ಬೀಗ ಹಾಕಬೇಡಿ. ಮರಳಿ ಒಳಗೆ ಹೋಗಬೇಡಿ.

ಪ್ರಶ್ನೆ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಎಂದು ಗೊತ್ತು. ಆದರೆ ಏಕೆ? ಹಿಟ್ಟು ಎರಚಬಹುದೇ?

ಉತ್ತರ: ನೀರು ಕುದಿಯುವುದು 100 ಡಿಗ್ರಿಗೆ. ಹೊತ್ತಿಕೊಂಡ ಅಡುಗೆ ಎಣ್ಣೆ 350 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಮೇಲಿರುತ್ತದೆ. ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು ಅಲ್ಲೇ ಆವಿಯಾಗುತ್ತದೆ. ಆವಿಯಾಗುವಾಗ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ, ಅಂದರೆ ಒಂದು ಲೋಟದಷ್ಟು, 200 ಮಿಲಿಲೀಟರ್ ನೀರು 340 ಲೀಟರ್ ಆವಿ. ಅದು ಮೇಲಿನ ಎಣ್ಣೆಯನ್ನು ಹನಿಹನಿಯಾಗಿ ಸಿಡಿಸುತ್ತದೆ, ಪ್ರತಿ ಹನಿಗೂ ಸುತ್ತ ಗಾಳಿ ಸಿಗುತ್ತದೆ, ಬೆಂಕಿ ಚೆಂಡಾಗಿ ಚಾವಣಿ ಮುಟ್ಟುತ್ತದೆ. ಹಿಟ್ಟು, ಸಕ್ಕರೆ ಕೂಡ ಬೇಡ, ಗಾಳಿಯಲ್ಲಿ ಹರಡಿದ ನುಣ್ಣನೆಯ ಹಿಟ್ಟು ತಾನೇ ಭಗ್ಗನೆ ಉರಿಯುತ್ತದೆ.

ಮೊದಲು ಒಲೆ ಆರಿಸಿ. ಒಲೆಯ ತಿರುಗುಗುಂಡಿ ಜ್ವಾಲೆಯ ಆಚೆಗಿದ್ದರೆ ಕೈ ಚಾಚಬೇಡಿ, ಮುಚ್ಚಳವನ್ನೇ ಮೊದಲು ಮುಚ್ಚಿ. ಬಾಣಲೆಗಿಂತ ಅಗಲವಾದ ಲೋಹದ ಮುಚ್ಚಳವನ್ನೋ ತಟ್ಟೆಯನ್ನೋ ಗುರಾಣಿಯಂತೆ ಹಿಡಿದು, ನಿಮ್ಮ ಕಡೆಯ ಅಂಚಿನಿಂದ ಆಚೆಗೆ ಜಾರಿಸಿ. ಮೇಲಿನಿಂದ ಕುಕ್ಕಿದರೆ ಕೈ ಸುಡುತ್ತದೆ, ಎಣ್ಣೆಯೂ ತುಳುಕುತ್ತದೆ. ಗಾಜಿನ ಮುಚ್ಚಳ ಆ ಕಾವಿಗೆ ಸಿಡಿಯಬಹುದು.

ಇದಾದ ಮೇಲೆ ಜನ ಮಾಡುವ ತಪ್ಪು ಎರಡು. ಒಂದು, ಆರಿತೇ ಎಂದು ನೋಡಲು ಎರಡೇ ನಿಮಿಷಕ್ಕೆ ಮುಚ್ಚಳ ಎತ್ತುವುದು. ಮುಚ್ಚಳ ತಡೆದದ್ದು ಗಾಳಿಯನ್ನು ಮಾತ್ರ, ಎಣ್ಣೆ ಇನ್ನೂ ತಾನಾಗಿ ಹೊತ್ತಿಕೊಳ್ಳುವಷ್ಟು ಕಾದಿರುತ್ತದೆ, ಗಾಳಿ ಸಿಕ್ಕ ಕೂಡಲೇ ಮತ್ತೆ ಉರಿಯುತ್ತದೆ. ಅರ್ಧ ಗಂಟೆಯಾದರೂ ಮುಟ್ಟಬೇಡಿ, ಎಣ್ಣೆ ಹೆಚ್ಚಿದ್ದರೆ ಇನ್ನೂ ಹೊತ್ತು ಬಿಡಿ. ಇನ್ನೊಂದು, ಉರಿಯುವ ಬಾಣಲೆಯನ್ನು ಹೊರಗೆ ಒಯ್ಯಲು ಹೋಗುವುದು. ನಡೆದಾಗ ಜ್ವಾಲೆ ಒಯ್ಯುವವರ ಕಡೆಗೇ ವಾಲುತ್ತದೆ, ಕೈ ಬಿಟ್ಟುಹೋದರೆ ನೆಲವೆಲ್ಲ ಉರಿಯುವ ಎಣ್ಣೆ. ಸುಟ್ಟ ಚರ್ಮವನ್ನು 20 ನಿಮಿಷ ಹರಿಯುವ ತಂಪು ನೀರಿನಡಿ ಹಿಡಿಯಿರಿ, ಮಂಜುಗಡ್ಡೆ ಬೇಡ.

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ತೂಗುಹಾಕಿರುವ ಕೆಂಪು ಸಿಲಿಂಡರಿನ ಮೇಲೆ ಎ, ಬಿ, ಸಿ ಅಕ್ಷರಗಳಿವೆ. ಇವುಗಳ ಅರ್ಥವೇನು? ಅದನ್ನು ಬಳಸುವ ಸರಿಯಾದ ಕ್ರಮ ತಿಳಿಸಿ.

ಉತ್ತರ: ಅಕ್ಷರಗಳು ಉರಿಯುವ ವಸ್ತುವನ್ನು ಹೇಳುತ್ತವೆ. ಎ ಎಂದರೆ ಮರ, ಕಾಗದ, ಬಟ್ಟೆಯಂಥ ಕೆಂಡವಾಗುವ ಘನವಸ್ತು. ಬಿ ಎಂದರೆ ಪೆಟ್ರೋಲ್, ಬಣ್ಣದಂಥ ದ್ರವ. ಸಿ ಎಂದರೆ ಅನಿಲ, ಡಿ ಎಂದರೆ ಮೆಗ್ನೀಸಿಯಂನಂಥ ಲೋಹ, ಎಫ್ ಎಂದರೆ ಅಡುಗೆ ಎಣ್ಣೆ. ಅಮೆರಿಕದ ಪದ್ಧತಿಯಲ್ಲಿ ಸಿ ಎಂದರೆ ವಿದ್ಯುತ್ ಉಪಕರಣದ ಬೆಂಕಿ, ಅಡುಗೆ ಎಣ್ಣೆಗೆ ಕೆ. ಹೀಗಾಗಿ ಅಕ್ಷರದ ಜೊತೆಗಿರುವ ಚಿತ್ರವನ್ನೂ ನೋಡಿ.

ಎಬಿಸಿ ಪುಡಿಯ ಸಿಲಿಂಡರ್ ಎಲ್ಲಕ್ಕೂ ಸಲ್ಲುತ್ತದೆ ಎನಿಸಿದರೂ ಎಣ್ಣೆಯ ಬಾಣಲೆಗೆ ಒಳ್ಳೆಯದಲ್ಲ. ಅದು ಎಣ್ಣೆಯನ್ನು ತಣಿಸುವುದಿಲ್ಲ, ಹತ್ತಿರದಿಂದ ಬಿಟ್ಟರೆ ರಭಸಕ್ಕೆ ಎಣ್ಣೆ ಚೆಲ್ಲುತ್ತದೆ. ಎಫ್ ವರ್ಗದ ಸಿಲಿಂಡರಿನಲ್ಲಿ ಪೊಟ್ಯಾಸಿಯಂ ಲವಣಗಳ ದ್ರಾವಣವಿರುತ್ತದೆ. ಅದು ಕಾದ ಎಣ್ಣೆಯ ಮೇಲೆ ಸಾಬೂನಿನಂಥ ಪದರ ಕಟ್ಟಿ, ಗಾಳಿಯನ್ನೂ ತಡೆದು ಎಣ್ಣೆಯನ್ನೂ ತಣಿಸುತ್ತದೆ.

ಬಳಸುವ ಮುನ್ನ ನಿಮ್ಮ ಬೆನ್ನ ಹಿಂದೆ ಹೊರಗೆ ಹೋಗುವ ದಾರಿಯಿದೆಯೇ ನೋಡಿ. ಬೆಂಕಿ ಕಸದ ಬುಟ್ಟಿಯಷ್ಟಿದ್ದರೆ ಪ್ರಯತ್ನಿಸಬಹುದು. ಸೊಂಟದ ಎತ್ತರ ಮೀರಿದ್ದರೆ, ಕೋಣೆಯಲ್ಲಿ ಹೊಗೆ ಕಟ್ಟಿದ್ದರೆ ಬಾಗಿಲು ಮುಚ್ಚಿ ಹೊರಡಿ. ಪಿನ್ ಎಳೆಯಿರಿ. ಗಾಬರಿಯಲ್ಲಿ ಹಲವರು ಹಿಡಿಯನ್ನು ಅದುಮಿಕೊಂಡೇ ಪಿನ್ ಎಳೆಯಲು ಹೆಣಗುತ್ತಾರೆ, ಅದುಮಿದಾಗ ಪಿನ್ ಸಿಕ್ಕಿಕೊಳ್ಳುತ್ತದೆ. ಸಿಲಿಂಡರನ್ನು ನೆಲಕ್ಕಿಟ್ಟು, ಹಿಡಿ ಸಡಿಲಬಿಟ್ಟು, ಪಿನ್ ತಿರುಚಿ ಎಳೆದರೆ ಪ್ಲಾಸ್ಟಿಕ್ ಮುದ್ರೆ ಹರಿದು ಬರುತ್ತದೆ. ಎರಡು ಮೂರು ಮೀಟರ್ ದೂರದಲ್ಲಿ ನಿಂತು ಮೂತಿಯನ್ನು ಜ್ವಾಲೆಯ ಬುಡಕ್ಕೆ ಗುರಿಯಿಡಿ, ಹಿಡಿ ಅದುಮಿ, ಗುಡಿಸಿದಂತೆ ಅತ್ತಿತ್ತ ಆಡಿಸುತ್ತಾ ಮುಂದೆ ಸರಿಯಿರಿ. ಕುಣಿಯುವ ಜ್ವಾಲೆಗೆ ಬಿಟ್ಟ ಪುಡಿ ವ್ಯರ್ಥ. 2 ಕಿಲೋ ಸಿಲಿಂಡರ್ 10 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಗುರಿ ಹುಡುಕುತ್ತಾ ಕೂರಲು ಸಮಯವಿಲ್ಲ. ಆರಿದ ಮೇಲೆ ಬೆನ್ನು ತಿರುಗಿಸದೆ ಹಿಂದೆ ಸರಿಯಿರಿ, ಮತ್ತೆ ಹೊತ್ತಿಕೊಳ್ಳಬಹುದು.

ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ವಿದ್ಯುತ್ ಉಪಕರಣಗಳಿಗೆ ಒಳ್ಳೆಯದು, ಪುಡಿಯ ಕೊಳೆ ಉಳಿಯುವುದಿಲ್ಲ. ಆದರೆ ಅದರ ಕಹಳೆಯಂಥ ಬಾಯಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಹೊರಬರುವ ಅನಿಲ ಮೈನಸ್ 78 ಡಿಗ್ರಿಯವರೆಗೆ ತಣ್ಣಗಾಗಿ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ಚಿಕ್ಕ ಕೋಣೆಯಲ್ಲಿ ಬಿಟ್ಟರೆ ಉಸಿರಾಟಕ್ಕೂ ಅಪಾಯ.

ಪುಡಿಯ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ತೂಗಿ ನೋಡಬೇಕು. ಒಳಗಿನ ಅನಿಲದಲ್ಲಿ 10 ಶೇಕಡ ಕಡಿಮೆಯಾಗಿದ್ದರೆ ಮರುಭರ್ತಿಯ ಹೊತ್ತಾಯಿತು. ಪುಡಿಯ ಸಿಲಿಂಡರನ್ನು ‘ಕೆಲಸ ಮಾಡುತ್ತದೆಯೇ’ ಎಂದು ಒಂದು ಸೆಕೆಂಡು ಅದುಮಿ ನೋಡುವವರಿದ್ದಾರೆ. ಕವಾಟದ ಅಂಚಿನಲ್ಲಿ ಪುಡಿಯ ಕಣ ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ. ಎಷ್ಟು ಕಡಿಮೆ ಬಳಸಿದ್ದರೂ ಮರುಭರ್ತಿ ಮಾಡಿಸಿ.

ಪ್ರಶ್ನೆ: ಅಗ್ನಿಶಾಮಕರ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದಲ್ಲವೇ? ಎಷ್ಟು ಹೊತ್ತು ಬರುತ್ತದೆ?

ಉತ್ತರ: ಆಮ್ಲಜನಕವಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ಉರಿಯುವ ಕೋಣೆಗೆ ಶುದ್ಧ ಆಮ್ಲಜನಕ ಹೊತ್ತು ಹೋದರೆ ಚಿಕ್ಕ ಸೋರಿಕೆಯೂ ಉಡುಪನ್ನೇ ಹೊತ್ತಿಸೀತು.

ಲೆಕ್ಕ ಸುಲಭ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. 6.8 ಲೀಟರಿನ ಸಿಲಿಂಡರನ್ನು 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಉಸಿರಾಡಿದರೆ 50 ನಿಮಿಷ. ಆದರೆ 20 ಕಿಲೋ ಮೀರಿದ ಉಡುಪು ಸಲಕರಣೆ ಹೊತ್ತು, ಮೆಟ್ಟಿಲೇರಿ, ಪೈಪ್ ಎಳೆಯುವವರು ಅದರ ಎರಡರಷ್ಟು ಉಸಿರಾಡುತ್ತಾರೆ, ಗಾಳಿ 25 ನಿಮಿಷಕ್ಕೇ ಖಾಲಿ. ಒತ್ತಡ ಸುಮಾರು 55 ಬಾರ್‌ಗೆ ಇಳಿದಾಗ ಸೀಟಿ ತಾನಾಗಿ ಕೂಗುತ್ತದೆ. ಸೀಟಿ ಕೂಗುವ ಹೊತ್ತಿಗೆ ಹೊರಗಿರಬೇಕು, ಕೂಗಿದ ಮೇಲೆ ಹೊರಡುವುದಲ್ಲ. ಉಡುಪಿಗೆ ಸಿಕ್ಕಿಸಿದ ಇನ್ನೊಂದು ಚಿಕ್ಕ ಸಾಧನ, ಧರಿಸಿದವರು ಅರ್ಧ ನಿಮಿಷದಷ್ಟು ಅಲುಗದಿದ್ದರೆ ಕಿವಿಗಡಚಿಕ್ಕುವಂತೆ ಅರಚುತ್ತದೆ, ಹೊಗೆಯಲ್ಲಿ ಬಿದ್ದವರನ್ನು ಆ ಸದ್ದು ಹಿಡಿದೇ ಹುಡುಕುತ್ತಾರೆ.

ಪ್ರಶ್ನೆ: ಸಿನಿಮಾಗಳಲ್ಲಿ ತೋರಿಸುವಂತೆ ಚಾವಣಿಯ ಸ್ಪ್ರಿಂಕ್ಲರ್‌ಗಳೆಲ್ಲ ಒಟ್ಟಿಗೆ ನೀರು ಸುರಿಸುತ್ತವೆಯೇ?

ಉತ್ತರ: ಸಾಮಾನ್ಯ ಕಟ್ಟಡಗಳಲ್ಲಿ ಇಲ್ಲ. ಪ್ರತಿ ಸ್ಪ್ರಿಂಕ್ಲರಿನ ಬಾಯಿಗೂ ದ್ರವ ತುಂಬಿದ ಚಿಕ್ಕ ಗಾಜಿನ ಗುಳಿಗೆಯ ತಡೆಯಿರುತ್ತದೆ. ತನ್ನ ಸುತ್ತಲೇ ಕಾವೇರಿದಾಗ ಆ ಒಂದು ಗುಳಿಗೆ ಒಡೆಯುತ್ತದೆ, ಅಲ್ಲಿಂದ ಮಾತ್ರ ನೀರು. ದ್ರವದ ಬಣ್ಣ ನೋಡಿ ಒಡೆಯುವ ಉಷ್ಣತೆ ಹೇಳಬಹುದು: ಕಿತ್ತಳೆ 57 ಡಿಗ್ರಿ, ಕೆಂಪು 68, ಹಳದಿ 79, ಹಸಿರು 93. ಹೊಗೆಗೆ ಅದು ಒಡೆಯುವುದಿಲ್ಲ. ಅದಕ್ಕೆ ಬಟ್ಟೆ ನೇತುಹಾಕುವುದು, ಬಣ್ಣ ಬಳಿಯುವುದು ಬೇಡ. ಬಣ್ಣದ ಪದರವಿದ್ದರೆ ತಡವಾಗಿ ಒಡೆಯುತ್ತದೆ.

ಪ್ರಶ್ನೆ: ಒಂದು ತುದಿಯಲ್ಲಿ ಕವಲು, ಇನ್ನೊಂದರಲ್ಲಿ ಕೊಕ್ಕಿರುವ ಕಬ್ಬಿಣದ ಸಲಾಕೆಯನ್ನು ಅವರು ಒಯ್ಯುತ್ತಾರಲ್ಲ, ಏನದು?

ಉತ್ತರ: ಹ್ಯಾಲಿಗನ್ ಸಲಾಕೆ. ನ್ಯೂಯಾರ್ಕ್ ನಗರದ ಅಗ್ನಿಶಾಮಕ ಅಧಿಕಾರಿ ಹ್ಯೂ ಹ್ಯಾಲಿಗನ್ 1940ರ ದಶಕದಲ್ಲಿ ರೂಪಿಸಿದ್ದು. ಒಂದು ತುದಿಯಲ್ಲಿ ಕವಲು, ಮತ್ತೊಂದರಲ್ಲಿ ಬಾಚಿಯಂಥ ಅಗಲ ಅಲಗು, ಅದಕ್ಕೆ ಅಡ್ಡವಾಗಿ ಚೂಪು ಕೊಕ್ಕು. ಚಪ್ಪಟೆ ಬೆನ್ನಿನ ಕೊಡಲಿ ಇದರ ಜೋಡಿ. ಬೀಗದ ಹತ್ತಿರ ಅಲಗನ್ನು ಸಂದಿಗೆ ತೂರಿಸಿ ಸಂದನ್ನು ಅಗಲ ಮಾಡುತ್ತಾರೆ, ಆಮೇಲೆ ಕವಲನ್ನು ಕೊಡಲಿಯ ಬೆನ್ನಿನಿಂದ ಬಡಿದು ಚೌಕಟ್ಟಿನ ಆಚೆಗೆ ದಾಟಿಸಿ ಮೀಟುತ್ತಾರೆ. ಬಾಗಿಲಿನ ಕೀಲು ಹೊರಗೆ ಕಂಡರೆ ಬಾಗಿಲು ತಮ್ಮ ಕಡೆಗೆ ತೆರೆಯುತ್ತದೆಂದು ಗೊತ್ತಾಗುತ್ತದೆ. ಇಷ್ಟಕ್ಕೂ ಮುಂಚೆ ಮಾಡುವ ಕೆಲಸ ಹಿಡಿಕೆ ತಿರುಗಿಸಿ ನೋಡುವುದು, ಬೀಗ ಹಾಕಿರದ ಬಾಗಿಲನ್ನು ಒಡೆದರೆ ಮತ್ತೆ ಮುಚ್ಚಿ ಗಾಳಿ ತಡೆಯಲು ಬಾಗಿಲೇ ಇರುವುದಿಲ್ಲ.

ಪ್ರಶ್ನೆ: ಅಷ್ಟು ದೊಡ್ಡ ವಾಹನ ಬಂದರೂ ನೀರು ಬೇಗ ಮುಗಿದುಹೋಯಿತು ಎಂದು ಜನ ಕೋಪಗೊಳ್ಳುತ್ತಾರೆ. ಪಕ್ಕದಲ್ಲೇ ಆಳದ ಬಾವಿಯಿದ್ದರೂ ಪಂಪಿನಿಂದ ಎಳೆಯಲಾಗಲಿಲ್ಲವಂತೆ. ನಿಜವೇ?

ಉತ್ತರ: ಎರಡೂ ಆಗುವಂಥದ್ದೇ. ವಾಹನದಲ್ಲಿ 4,500 ಲೀಟರ್ ನೀರಿದೆ ಎನ್ನಿ. ಕೈಯಲ್ಲಿ ಹಿಡಿಯುವ ಒಂದೇ ಪೈಪ್ ನಿಮಿಷಕ್ಕೆ 570 ಲೀಟರ್ ಹಾಯಿಸಿದರೆ 8 ನಿಮಿಷಕ್ಕೆ ಟ್ಯಾಂಕ್ ಬರಿದು. ಎರಡು ಪೈಪಿದ್ದರೆ ನಾಲ್ಕೇ ನಿಮಿಷ. ಹಾಗಾಗಿ ಮೊದಲ ವಾಹನದವರು ಬೆಂಕಿಗೆ ಇಳಿಯುವಾಗಲೇ ಇನ್ನೊಂದು ತಂಡ ಹೈಡ್ರಂಟ್ (ಬೆಂಕಿ ನಂದಿಸಲೆಂದೇ ಇಟ್ಟ ನೀರಿನ ಕೊಳಾಯಿ), ಕೆರೆ ಅಥವಾ ನೀರಿನ ಟ್ಯಾಂಕರಿನ ಏರ್ಪಾಟಿಗೆ ತೊಡಗುತ್ತದೆ.

ಬಾವಿಯ ವಿಷಯದಲ್ಲಿ ಅಡ್ಡಿ ಪಂಪಿನ ಶಕ್ತಿಯದಲ್ಲ. ಪಂಪ್ ನೀರನ್ನು ‘ಎಳೆಯುವುದಿಲ್ಲ’. ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ, ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರ ಎತ್ತಬಲ್ಲದ್ದು ಹೆಚ್ಚೆಂದರೆ 10.3 ಮೀಟರ್, ಕೊಳವೆಯ ಘರ್ಷಣೆ, ಸೋರಿಕೆ ಕಳೆದರೆ ವ್ಯವಹಾರದಲ್ಲಿ 7 ಮೀಟರಿನ ಆಸುಪಾಸು. ನೀರು ಅದಕ್ಕಿಂತ ಕೆಳಗಿದ್ದರೆ ಎಂಥ ಎಂಜಿನ್ ಇದ್ದರೂ ಫಲವಿಲ್ಲ, ನೀರಿಗೇ ಇಳಿಬಿಡುವ ಪಂಪ್ ಬೇಕು. ಆಳ ಸರಿಯಿದ್ದರೂ ಕೊಳವೆಯ ಜೋಡಣೆಯಲ್ಲಿ ರಬ್ಬರ್ ಉಂಗುರ ಸವೆದಿದ್ದರೆ ಗಾಳಿ ಒಳಸೇರಿ ನೀರಿನ ಕಂಬ ಕಡಿದುಹೋಗುತ್ತದೆ. ತುದಿಯ ಜಾಲರಿ ನೀರಿನ ಮೇಲ್ಮೈಗೆ ಹತ್ತಿರವಿದ್ದರೆ ಸುಳಿಯೆದ್ದು ಅದೇ ತೊಂದರೆ, ತಳಕ್ಕೆ ತಾಗಿದರೆ ಕೆಸರು ಕಟ್ಟಿಕೊಳ್ಳುತ್ತದೆ.

ಪೈಪಿನ ಮೇಲೆ ವಾಹನ ಹತ್ತಿಸಬೇಡಿ ಎಂದು ಸಿಬ್ಬಂದಿ ಕೂಗುವುದನ್ನು ಕೇಳಿರುತ್ತೀರಿ. 63 ಮಿಲಿಮೀಟರ್ ವ್ಯಾಸದ 30 ಮೀಟರ್ ಪೈಪಿನಲ್ಲಿ 90 ಕಿಲೋ ಮೀರಿ ನೀರು ತುಂಬಿರುತ್ತದೆ. ಚಕ್ರ ಹತ್ತಿದ ಕ್ಷಣ ಹರಿವು ನಿಂತು ಒತ್ತಡದ ಹೊಡೆತ ಹಿಂದಕ್ಕೆ ಬಡಿಯುತ್ತದೆ, ಪೈಪ್ ಸೀಳಬಹುದು, ಪಂಪಿಗೂ ಏಟು. ಅತ್ತ ತುದಿಯಲ್ಲಿ ಕೋಣೆಯೊಳಗೆ ಇರುವವರ ಕೈಯಲ್ಲಿ ನೀರು ನಿಂತಿರುತ್ತದೆ. ಚಕ್ರ ಇಳಿದಾಗ ನೀರು ಒಮ್ಮೆಲೇ ನುಗ್ಗುತ್ತದೆ. 7 ಬಾರ್ ಒತ್ತಡದಲ್ಲಿ ಆ ಹರಿವು ಹಿಡಿದವರನ್ನು ಸುಮಾರು 34 ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ, ಸಿದ್ಧರಿಲ್ಲದವರ ಕೈಯಿಂದ ಮೂತಿ ಜಾರುತ್ತದೆ.

ಪ್ರಶ್ನೆ: ಬೆಂಕಿ ಆರಿದ ಮೇಲೂ ಚಾವಣಿ ಕಿತ್ತು, ಗೋಡೆಯ ಹಲಗೆ ಒಡೆದು ಹಾಳುಮಾಡುತ್ತಾರೆ. ಅದು ಬೇಕೇ?

ಉತ್ತರ: ಬೇಕು. ಮರದ ತೊಲೆಯ ಒಳಗೆ, ಹತ್ತಿಯ ಹಾಸಿಗೆಯೊಳಗೆ ಕೆಂಡ ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಉಳಿಯುತ್ತದೆ, ತಂಡ ಹೋದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಶಾಖ ತೋರಿಸುವ ಕ್ಯಾಮೆರಾದಲ್ಲಿ ನೋಡಿ, ಅನುಮಾನವಿದ್ದಲ್ಲಿ ತೆರೆದು ತಣಿಸುತ್ತಾರೆ. ಹಾಸಿಗೆ, ಸೋಫಾಗಳನ್ನು ಹೊರಗೆ ತಂದು ನೆನೆಸುವುದೂ ಇದಕ್ಕೇ. ಅವನ್ನು ಅದೇ ದಿನ ಮತ್ತೆ ಒಳಗೆ ಒಯ್ಯಬೇಡಿ.

ಪ್ರಶ್ನೆ: ವಿದ್ಯುತ್ ಸ್ಕೂಟರಿನ ಬ್ಯಾಟರಿಗೆ ಬೆಂಕಿ ಹತ್ತಿದರೆ ಯಾವ ಸಿಲಿಂಡರ್ ಬಳಸಬೇಕು?

ಉತ್ತರ: ಬ್ಯಾಟರಿಯೇ ಹೊತ್ತಿದ್ದರೆ ನೀವು ನಂದಿಸಲು ಹೋಗಬೇಡಿ. ಲಿಥಿಯಂ ಬ್ಯಾಟರಿಯಲ್ಲಿ ಒಂದು ಕೋಶ ಕೆಟ್ಟು ಕಾದರೆ ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಈ ಸರಣಿ ಹೊರಗಿನ ಗಾಳಿಯನ್ನು ನೆಚ್ಚಿಲ್ಲ, ಆದ್ದರಿಂದ ಪುಡಿ ಅಥವಾ ಇಂಗಾಲದ ಡೈಆಕ್ಸೈಡ್ ಜ್ವಾಲೆಯನ್ನು ಅಡಗಿಸಿದರೂ ಒಳಗಿನ ಕಾವು ಏರುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಬಲ್ಲದ್ದು ತಣಿಸುವಿಕೆ, ಅಂದರೆ ಬಹಳ ಹೊತ್ತು, ಬಹಳ ನೀರು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಅನಿಲವೂ ಇರುತ್ತದೆ.

ಚಾರ್ಜಿಂಗ್ ವೇಳೆ ಬ್ಯಾಟರಿ ಉಬ್ಬಿದರೆ, ಸಿಳ್ಳಿನಂಥ ಸದ್ದು ಅಥವಾ ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಪ್ಲಗ್ ಸುರಕ್ಷಿತವಾಗಿ ಕೈಗೆಟಕುವಂತಿದ್ದರೆ ಮಾತ್ರ ತೆಗೆದು, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ ಅಗ್ನಿಶಾಮಕ ದಳವನ್ನು ಕರೆಯಿರಿ. ಆರಿದ ಬ್ಯಾಟರಿ ಗಂಟೆಗಳ, ಕೆಲವೊಮ್ಮೆ ದಿನಗಳ ಬಳಿಕವೂ ಮತ್ತೆ ಹೊತ್ತಿಕೊಳ್ಳಬಹುದು, ಅದನ್ನು ಬಯಲಿನಲ್ಲಿ, ಕಟ್ಟಡ ಮತ್ತು ವಾಹನಗಳಿಂದ ದೂರ ಇಡಿಸಿ. ಹೊರಗೆ ಹೋಗುವ ಬಾಗಿಲ ಪಕ್ಕದಲ್ಲಿ, ಮೆಟ್ಟಿಲಿನ ಕೆಳಗೆ ಸ್ಕೂಟರ್ ಚಾರ್ಜಿಗೆ ಇಡುವ ರೂಢಿಯಿದ್ದರೆ ಇಂದೇ ಜಾಗ ಬದಲಿಸಿ.